ಚೆನ್‌ಪೀ ಮಾಗಿಸುವ ಕೆಲಸ: ಮೂರು ಭರಣಿ, ಮೂರು ವರ್ಷ

ಕಿತ್ತಳೆ ಸಿಪ್ಪೆಯನ್ನು ಒಣಗಿಸಿ ವರ್ಷಗಟ್ಟಲೆ ಇಟ್ಟರೆ ಅದು ಚೆನ್‌ಪೀ. ‘ಚೆನ್’ ಅಂದರೆ ಹಳೆಯದು, ‘ಪೀ’ ಅಂದರೆ ಸಿಪ್ಪೆ. ಚೀನೀ ವೈದ್ಯದಲ್ಲಿ ಇದರ ಗುಣ ಬೆಚ್ಚಗೆ, ರುಚಿ ಖಾರ ಮತ್ತು ಕಹಿ. ಹೊಟ್ಟೆಯಲ್ಲಿ ಕಟ್ಟಿಕೊಂಡ ‘ಚಿ’ಯನ್ನು, ಅಂದರೆ ಮೈಯಲ್ಲಿ ಹರಿಯುವ ಪ್ರಾಣಶಕ್ತಿಯನ್ನು, ಹರಿಯಬಿಡುತ್ತದೆ, ಮೈಯೊಳಗಿನ ತೇವವನ್ನು ಒಣಗಿಸುತ್ತದೆ, ಕಫ ಕರಗಿಸುತ್ತದೆ ಎನ್ನುವುದು ಅವರ ಲೆಕ್ಕ. ದಕ್ಷಿಣ ಚೀನಾದ ಅಡುಗೆಮನೆಯಲ್ಲಿ ಇದು ಔಷಧಿಯೂ ಹೌದು, ಸಾಂಬಾರ ಪದಾರ್ಥವೂ ಹೌದು. ನಮ್ಮಲ್ಲಿ ಕಿತ್ತಳೆ ಸಿಪ್ಪೆ ಗೊಜ್ಜಿಗೆ ಹುಣಸೆ, ಬೆಲ್ಲ ಹಾಕಿ ಕಹಿ ಮುರಿಯುತ್ತೇವೆ. ಅಲ್ಲಿ ಕಹಿ ಮುರಿಯುವ ಕೆಲಸವನ್ನು ಕಾಲಕ್ಕೆ ಬಿಡುತ್ತಾರೆ.

ಹೆಸರಾಂತ ಚೆನ್‌ಪೀ ಗ್ವಾಂಗ್‌ಡಾಂಗ್ ಪ್ರಾಂತ್ಯದ ಜಿಯಾಂಗ್‌ಮೆನ್ ನಗರಕ್ಕೆ ಸೇರಿದ ಶಿನ್‌ಹ್ವೇಯದು. ನದಿಯ ಸಿಹಿನೀರು ಸಮುದ್ರದ ಉಬ್ಬರದ ನೀರಿನೊಂದಿಗೆ ಬೆರೆಯುವ ಮೆಕ್ಕಲು ಮಣ್ಣಿನಲ್ಲಿ ‘ಚಾಝಿ ಗಾನ್’ ಎಂಬ ತಳಿ ಬೆಳೆಯುತ್ತಾರೆ. 16ನೇ ಶತಮಾನದ ವೈದ್ಯ ಲೀ ಶಿಝೆನ್ ಗ್ವಾಂಗ್‌ಡಾಂಗ್ ಕಡೆಯ ಸಿಪ್ಪೆಯೇ ಮೇಲು ಎಂದು ಬರೆದಿದ್ದಾರೆ. 2006ರಲ್ಲಿ ಶಿನ್‌ಹ್ವೇ ಚೆನ್‌ಪೀಗೆ ಚೀನಾದ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರಿನಲ್ಲಿ ಮಾರಬೇಕಾದರೆ ಕನಿಷ್ಠ ಮೂರು ವರ್ಷ ಮಾಗಿರಬೇಕು. ಅದಕ್ಕೇ ಈ ದಾಖಲೆಯೂ ಮೂರು ವರ್ಷದ್ದು. ಹಣ್ಣು ಶಿನ್‌ಹ್ವೇಯದು, ಒಣಗಿಸಿದ್ದು ಗ್ವಾಂಗ್‌ಝೌದ ಒಂದು ಬಾಲ್ಕನಿಯಲ್ಲಿ.

ಅಕ್ಟೋಬರ್ 2022: ಒಂದನೇ ಲಾಟ್, ಹಸಿರು ಸಿಪ್ಪೆ

ಒಂದೇ ಮರದಿಂದ ಮೂರು ಬಗೆಯ ಸಿಪ್ಪೆ ಬರುತ್ತದೆ. ಕಾಯಿ ಹಸಿರಾಗಿದ್ದಾಗ ಕಿತ್ತರೆ ಹಸಿರು ಸಿಪ್ಪೆ, ಅರ್ಧ ಬಣ್ಣ ತಿರುಗಿದಾಗ ಎರಡನೇ ಕೆಂಪು, ಚಳಿಗಾಲದ ಸಂಕ್ರಮಣದ ಆಸುಪಾಸಿನಲ್ಲಿ ಪೂರ್ತಿ ಹಣ್ಣಾದ ಮೇಲೆ ದೊಡ್ಡ ಕೆಂಪು. ಹಸಿರಿನಲ್ಲಿ ಎಣ್ಣೆ, ಘಾಟು ಜಾಸ್ತಿ. ದೊಡ್ಡ ಕೆಂಪಿನಲ್ಲಿ ಸಿಹಿ ಜಾಸ್ತಿ, ಸಿಪ್ಪೆಯೂ ದಪ್ಪ.

10 ಕೆಜಿ ಕಾಯಿ ತೋಟದಿಂದಲೇ ತರಿಸಿದ್ದು. ಅಂಗಡಿಯಲ್ಲಿ ಹೊಳೆಯುವ ಹಣ್ಣಿಗೆ ಮೇಣ ಬಳಿದಿರುತ್ತದೆ. ಸಿಪ್ಪೆ ಉಸಿರಾಡುವುದಿಲ್ಲ, ಮೇಲಾಗಿ ತಿನ್ನುವುದು ಅದೇ ಸಿಪ್ಪೆಯನ್ನು. ತೊಳೆದು, ಬಟ್ಟೆಯಲ್ಲಿ ಒರೆಸಿ, ಅರ್ಧ ದಿನ ನೆರಳಲ್ಲಿ ಹರಡಿ ಹೊರಮೈಯ ನೀರೆಲ್ಲ ಆರಿದ ಮೇಲೆ ಚಾಕು ಮುಟ್ಟಿಸಿದ್ದು.

ಕೊಯ್ಯುವುದು ಮೂರು ಗೀರಿನ ಪದ್ಧತಿಯಲ್ಲಿ: ಹಣ್ಣಿನ ತುದಿಯಿಂದ ತೊಟ್ಟಿನ ಕಡೆಗೆ ಸಮ ಅಂತರದಲ್ಲಿ ಮೂರು ಗೀರು, ತೊಟ್ಟಿನ ಹತ್ತಿರ ಬಿಟ್ಟು. ಬಿಡಿಸಿದರೆ ಮೂರು ಎಸಳು ಒಂದೇ ಬುಡಕ್ಕೆ ಅಂಟಿಕೊಂಡ ಹೂವಿನಂತೆ ಬರುತ್ತದೆ. ಗೀರಿನ ಆಳ ಸಿಪ್ಪೆಯಷ್ಟೇ ಇರಬೇಕು. ತೊಳೆಗೆ ತಾಗಿದರೆ ರಸ ಬಿಳಿ ಪದರಕ್ಕೆ ಇಳಿಯುತ್ತದೆ. ಆ ಜಾಗ ಒಣಗಿದ ಮೇಲೂ ಅಂಟಂಟಾಗಿಯೇ ಇದ್ದು, ಇರುವೆಯೂ ಬೂಷ್ಟೂ ಮೊದಲು ಬರುವುದು ಅಲ್ಲಿಗೇ.

ಬಿಡಿಸಿದ ಸಿಪ್ಪೆಯನ್ನು ನೇರ ಬಿಸಿಲಿಗೆ ಹಾಕುವಂತಿಲ್ಲ. ಗಾಳಿಯಾಡುವ ನೆರಳಲ್ಲಿಟ್ಟು, ಬಾಡಿದ ವೀಳ್ಯದೆಲೆಯಷ್ಟು ಮೆತ್ತಗಾದಾಗ ಒಳಗನ್ನು ಹೊರಗೆ ಮಗುಚಬೇಕು. ಬೇಗ ಮಗುಚಿದರೆ ಎಸಳಿನ ಬುಡ ಪಟಕ್ಕನೆ ಸೀಳುತ್ತದೆ. ತಡವಾದರೆ ಸಿಪ್ಪೆ ಸುರುಳಿ ಸುತ್ತಿ ಗಟ್ಟಿಯಾಗಿರುತ್ತದೆ, ಮಗುಚಲು ಬರುವುದಿಲ್ಲ. ಈ ಲಾಟಿಗೆ ಐದು ಗಂಟೆ ಹಿಡಿಯಿತು. ಮಗುಚಿದರೆ ನೀರು ಹಿಡಿದಿಡುವ ಬಿಳಿ ಪದರ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ, ಎಣ್ಣೆಯ ಚೀಲಗಳಿರುವ ಮೇಲ್ಮೈ ಒಳಗೆ ಮರೆಯಾಗುತ್ತದೆ.

ಬಿದಿರಿನ ಮೊರದಲ್ಲಿ ಒಂದೇ ಪದರ. ಸಂಜೆ ನಾಲ್ಕಕ್ಕೆ ಒಳಗೆ, ಏಕೆಂದರೆ ಇಬ್ಬನಿ ಬಿದ್ದರೆ ಆ ದಿನದ ಕೆಲಸ ಹೋದಂತೆ. ಉತ್ತರದ ಒಣಗಾಳಿ ಇದ್ದುದರಿಂದ ಆರು ದಿನಕ್ಕೆ ಮುಗಿಯಿತು. ಹಸಿ ಸಿಪ್ಪೆ 2.1 ಕೆಜಿ, ಒಣಗಿದ್ದು 460 ಗ್ರಾಂ. ಹಣ್ಣಿನ ತೂಕದ ನೂರಕ್ಕೆ ಐದರಷ್ಟೂ ಇಲ್ಲ. ಚೆನ್‌ಪೀ ದುಬಾರಿ ಯಾಕೆ ಅನ್ನುವುದಕ್ಕೆ ಮೊದಲ ಉತ್ತರ ಇದು.

ನವೆಂಬರ್, ಡಿಸೆಂಬರ್ 2022: ಎರಡು, ಮೂರನೇ ಲಾಟ್

ಎರಡನೇ ಲಾಟಿನಲ್ಲಿ ವಿಶೇಷವಿಲ್ಲ: 10 ಕೆಜಿ, ಏಳು ದಿನ, 470 ಗ್ರಾಂ.

ಡಿಸೆಂಬರಿನ ದೊಡ್ಡ ಕೆಂಪು 10 ಕೆಜಿ. ನಾಲ್ಕನೇ ದಿನ ಮೋಡ ಕವಿದು ಎರಡು ದಿನ ಬಿಸಿಲಿಲ್ಲ. ಫ್ಯಾನಿರುವ ಡ್ರೈಯರಿನಲ್ಲಿ 42 ಡಿಗ್ರಿಗೆ ಇಟ್ಟು ಮುಂದುವರಿಸಿದ್ದು. 45 ಡಿಗ್ರಿ ದಾಟಬಾರದು. ದಾಟಿದರೆ ಎಣ್ಣೆ ಹಾರುತ್ತದೆ, ಸಿಪ್ಪೆ ಬೇಗ ಕಂದಾಗಿ ನೋಡಲು ಹಳೆಯದರಂತೆ ಕಾಣುತ್ತದೆ. ಬಾಯಿಗೆ ಹಾಕಿದರೆ ಬರೀ ಸುಟ್ಟ ಒಗರು. ಕೊನೆಗೆ ಸಿಕ್ಕಿದ್ದು 510 ಗ್ರಾಂ.

ಒಣಗಿದೆಯೋ ಇಲ್ಲವೋ ನೋಡಲು ತೂಕದ ಪರೀಕ್ಷೆ: ಇಂದಿನ ತೂಕಕ್ಕೂ ನಾಳಿನ ತೂಕಕ್ಕೂ ನೂರಕ್ಕೆ ಒಂದಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಸಾಕು ಎಂದು ಇಟ್ಟುಕೊಂಡಿದ್ದು. ಚೀನೀ ಔಷಧಿ ಸಂಹಿತೆಯ ಮಿತಿ ನೂರಕ್ಕೆ 13 ತೇವಾಂಶ. ಮನೆಯ ಓವನ್‌ನಲ್ಲಿ ಬಿಸಿ ಮಾಡಿ ತೂಕ ನೋಡುವ ಪರೀಕ್ಷೆ ಇದಕ್ಕೆ ಹೊಂದುವುದಿಲ್ಲ. ನೀರಿನ ಜತೆ ಎಣ್ಣೆಯೂ ಆವಿಯಾಗಿ ತೇವಾಂಶ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ.

ಮೂರೂ ಲಾಟು ಗಾಜಿನ ಭರಣಿಗೆ, ಪ್ರತಿಯೊಂದರಲ್ಲೂ ಭರಣಿಯೊಳಗಿನ ಗಾಳಿಯ ತೇವಾಂಶ ನೂರಕ್ಕೆ ಎಷ್ಟು ಎಂದು ತೋರಿಸುವ ಒಂದು ಪುಟ್ಟ ಮೀಟರು. ಗೋದಾಮುಗಳಲ್ಲಿ ಗೋಣಿಚೀಲ ಬಳಸುತ್ತಾರೆ. ಅಲ್ಲಿ ಕೋಣೆಯ ಹವೆಯನ್ನೇ ಹಿಡಿತದಲ್ಲಿಡಬಹುದು, ಮನೆಯಲ್ಲಿ ಆಗದು. ಸಿಲಿಕಾ ಜೆಲ್ ಹಾಕಿಲ್ಲ. ಅದು ಸಿಪ್ಪೆಯನ್ನು ಅತಿಯಾಗಿ ಒಣಗಿಸುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ.

ಮಾರ್ಚ್ 2023: ಗೋಡೆ ಬೆವರುವ ಕಾಲ

ಗ್ವಾಂಗ್‌ಡಾಂಗಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ‘ಹ್ವೇನಾನ್ ತ್ಯೆನ್’ ಬರುತ್ತದೆ. ದಕ್ಷಿಣದ ಸಮುದ್ರದ ಬಿಸಿ ತೇವದ ಗಾಳಿ, ಚಳಿಗೆ ತಣ್ಣಗಾಗಿದ್ದ ಗೋಡೆ ನೆಲಕ್ಕೆ ತಾಗಿ ನೀರಾಗಿ ಇಳಿಯುತ್ತದೆ. ಕನ್ನಡಿ ಬೆವರುತ್ತದೆ, ಟೈಲ್ಸ್ ಮೇಲೆ ಕಾಲು ಜಾರುತ್ತದೆ. ಆ ದಿನಗಳಲ್ಲಿ ಭರಣಿ ತೆರೆಯಲೇಬಾರದು, ಇದು ಮೊದಲ ನಿಯಮ.

ಆದರೂ ತೆರೆಯಬೇಕಾಯಿತು. ಒಂದನೇ ಭರಣಿಯ ಮೀಟರಿನಲ್ಲಿ 58, ಎರಡನೆಯದರಲ್ಲಿ 60, ಮೂರನೆಯದರಲ್ಲಿ 71. 65 ದಾಟಿದರೆ ಎಚ್ಚರ, 70 ದಾಟಿದರೆ ಬೂಷ್ಟಿಗೆ ಆಹ್ವಾನ. ಮುಚ್ಚಳ ತೆಗೆದಾಗ ಕಿತ್ತಳೆಯ ಪರಿಮಳದ ಅಡಿಯಲ್ಲಿ ಸಣ್ಣ ಮುಗ್ಗಲು ವಾಸನೆ. ಒಂದೊಂದೇ ಹೂವನ್ನು ಬೆಳಕಿಗೆ ಹಿಡಿದು ನೋಡಿದಾಗ ನಾಲ್ಕರಲ್ಲಿ ಬೂದು ಹಸಿರು ನವಿರು. ನಾಲ್ಕರಲ್ಲೂ ಒಂದೇ ಜಾಗ: ಮೂರು ಎಸಳು ಕೂಡುವ ತೊಟ್ಟಿನ ಬುಡ.

ಕಾರಣ ಅಲ್ಲೇ ಇತ್ತು. ಸಿಪ್ಪೆಯಲ್ಲಿ ತೊಟ್ಟಿನ ಬುಡವೇ ಅತಿ ದಪ್ಪ. ಎಸಳುಗಳು ಒಣಗಿ ತೂಕ ನಿಂತಾಗಲೂ ಆ ಬುಡದಲ್ಲಿ ನೀರು ಉಳಿದಿರುತ್ತದೆ. ಅದರ ಪಾಲು ಅಷ್ಟು ಕಡಿಮೆ ಎಂದರೆ ತಕ್ಕಡಿಗೆ ಗೊತ್ತಾಗುವುದಿಲ್ಲ. ಭರಣಿ ಮುಚ್ಚಿದ ಮೇಲೆ ನಿಧಾನಕ್ಕೆ ಆ ನೀರು ಎಲ್ಲಕ್ಕೂ ಹಂಚಿಕೊಳ್ಳುತ್ತದೆ. ಈಗ ತೂಕದ ಜತೆ ಇನ್ನೊಂದು ಪರೀಕ್ಷೆ ಸೇರಿಸಿದೆ: ನಾಲ್ಕೈದು ಹೂವಿನ ತೊಟ್ಟಿನ ಬುಡವನ್ನೇ ಮುರಿದು ನೋಡುವುದು. ಟಕ್ ಎಂದು ಮುರಿಯಬೇಕು. ಬಾಗಿ ನಾರುನಾರಾಗಿ ಹರಿದರೆ ಇನ್ನೂ ಎರಡು ದಿನ ಬೇಕು.

ಬೂಷ್ಟು ಹಿಡಿದದ್ದು, ಅದಕ್ಕೆ ತಾಗಿಕೊಂಡಿದ್ದವು ಸೇರಿ 26 ಗ್ರಾಂ ಕಸಕ್ಕೆ. ಬೂಷ್ಟನ್ನು ಉಜ್ಜಿ, ತೊಳೆದು, ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. ಬೂಷ್ಟು ಬಿಡುವ ವಿಷ ತೊಳೆದರೂ ಹೋಗುವುದಿಲ್ಲ, ಕುದಿಸಿದರೂ ಹೋಗುತ್ತದೆ ಎಂಬ ಭರವಸೆ ಇಲ್ಲ. ಉಳಿದ 484 ಗ್ರಾಂ ಅನ್ನು ಡ್ರೈಯರಿನಲ್ಲಿ 40 ಡಿಗ್ರಿಗೆ ಮೂರು ಗಂಟೆ, ಪೂರ್ತಿ ಆರಿಸಿ, ಮರುದಿನ ಮತ್ತೆ ಮೂರು ಗಂಟೆ. ಮೀಟರು 57ಕ್ಕೆ ಇಳಿದು ನಿಂತಿತು.

ಹಳೆ ಸಿಪ್ಪೆಯ ಮೇಲೆ ಕಾಣುವ ಬಿಳಿಯೆಲ್ಲ ಬೂಷ್ಟಲ್ಲ ಎನ್ನುವುದನ್ನೂ ಹೇಳಬೇಕು. ವರ್ಷ ಕಳೆದಂತೆ ಒಳಗಿನ ಬಿಳಿ ಪದರ ಹೊಟ್ಟಿನಂತೆ ಉದುರುತ್ತದೆ. ಒಣ ಬ್ರಷ್‌ನಲ್ಲಿ ತಟ್ಟಿದರೆ ಪುಡಿಯಾಗಿ ಬೀಳುತ್ತದೆ, ವಾಸನೆ ಶುದ್ಧವಾಗಿರುತ್ತದೆ. ಬೂಷ್ಟಾದರೆ ನವಿರಾಗಿ ಅಂಟಿಕೊಂಡಿರುತ್ತದೆ, ಮೂಗಿಗೆ ಮಣ್ಣಿನ ಘಾಟು.

ಜುಲೈ 2023: ಜಾಗ ಬದಲು

ಎರಡನೇ ಭರಣಿ ಫ್ರಿಜ್ ಹಿಂಬದಿಯ ಕಪಾಟಿನಲ್ಲಿತ್ತು. ಒಂದು ಪಕ್ಕದ ಸಿಪ್ಪೆ ಕಪ್ಪಾಗತೊಡಗಿತ್ತು. ಇದಕ್ಕೆ ಅಲ್ಲಿಯವರು ‘ಸುಟ್ಟ ಸಿಪ್ಪೆ’ ಎನ್ನುತ್ತಾರೆ: ಶಾಖ, ತೇವ ಎರಡೂ ಸೇರಿದಾಗ ಒಳಗೊಳಗೇ ಬೆಂದಂತೆ ಕಪ್ಪಾಗಿ ಮೆತ್ತಗಾಗಿ ಹುಳಿ ವಾಸನೆ ಬರುತ್ತದೆ. ಇನ್ನೂ ಹುಳಿ ಬಂದಿರಲಿಲ್ಲ. ಕಪ್ಪಾದದ್ದನ್ನು ತೆಗೆದು, ಭರಣಿಯನ್ನು ಹೊರಗೋಡೆಗೂ ಯಂತ್ರಗಳಿಗೂ ದೂರವಾಗಿ, ನೆಲದಿಂದ ಎದೆಯೆತ್ತರಕ್ಕೆ ಇಡಲಾಯಿತು.

ಹುಳು ಬಿದ್ದರೆ ಏನು ಮಾಡಬೇಕು ಎಂಬುದಕ್ಕೆ: ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18ರ ಫ್ರೀಜರಿನಲ್ಲಿ ಮೂರು ದಿನ. ಹೊರತೆಗೆದು ಕೋಣೆಯ ಶಾಖಕ್ಕೆ ಬರುವ ತನಕ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆ ಸಿಪ್ಪೆಯ ಮೇಲೆ ನೀರು ಕೂರುತ್ತದೆ. ಆಮೇಲೆ ಬಿಸಿಲು.

ನವೆಂಬರ್ 2023, ನವೆಂಬರ್ 2024: ಮರುಬಿಸಿಲು

ವರ್ಷಕ್ಕೊಮ್ಮೆ, ಶರತ್ಕಾಲ ಕಳೆದು ಗಾಳಿ ಒಣಗಿದ ಮೇಲೆ. ಹೊರಗಿನ ತೇವಾಂಶ 50ಕ್ಕಿಂತ ಕಡಿಮೆ ಇರುವ ದಿನ ಆರಿಸಿ, ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಮೊರದಲ್ಲಿ. ಒಂದು ದಿನ ಸಾಕು. ಬಿಸಿ ಸಿಪ್ಪೆಯನ್ನು ನೇರ ಭರಣಿಗೆ ಹಾಕಿದರೆ ಗಾಜಿನ ಒಳಮೈಯಲ್ಲಿ ಹನಿ ಕಟ್ಟುತ್ತದೆ. ಎರಡು ಗಂಟೆ ಮೊರದಲ್ಲೇ ಆರಲಿ. ಪ್ರತಿ ವರ್ಷ ಹೆಚ್ಚು ದಿನ ಬಿಸಿಲಿಗಿಟ್ಟರೆ ಬೇಗ ಮಾಗುತ್ತದೆ ಎಂಬ ಮಾತಿದೆ. ಅದರಿಂದ ಪರಿಮಳ ಹೋಗುತ್ತದೆಯೇ ಹೊರತು ವಯಸ್ಸು ಬರುವುದಿಲ್ಲ.

ಡಿಸೆಂಬರ್ 2025: ಮೂರು ತುಂಬಿದ ಮೇಲೆ

ಮೂರರಿಂದಲೂ 3 ಗ್ರಾಂ ತೆಗೆದು, 10 ಸೆಕೆಂಡ್ ಬಿಸಿನೀರಲ್ಲಿ ತೊಳೆದು, 400 ಎಂಎಲ್ ನೀರಲ್ಲಿ 10 ನಿಮಿಷ ಕುದಿಸಿದ್ದು. ಹಸಿರು ಸಿಪ್ಪೆಯ ಕಷಾಯ ತಿಳಿ ಹಳದಿ, ಮೂಗಿಗೆ ಏರುವ ಘಾಟು, ಕಹಿ ಇನ್ನೂ ಇದೆ. ಎರಡನೆಯದು ನಡುವಿನದು. ದೊಡ್ಡ ಕೆಂಪು ಸ್ವಲ್ಪ ಗಾಢ ಹಳದಿ, ಕಹಿ ಹಿಂದೆ ಸರಿದು ಗಂಟಲಲ್ಲಿ ಸಿಹಿ ಉಳಿಯುತ್ತದೆ. ಮೂರು ವರ್ಷದ ಸಿಪ್ಪೆ ಇಷ್ಟೇ ತಿಳಿಯಾಗಿರಬೇಕು. ಅಂಗಡಿಯ ‘ಮೂರು ವರ್ಷ’ದ್ದು ಮೊದಲ ನೀರಿಗೇ ಕಡು ಕಂದು ಬಿಟ್ಟರೆ ಅದಕ್ಕೆ ಚಹಾ ನೀರಿನ ಬಣ್ಣ ಕೊಟ್ಟಿರುವ ಅನುಮಾನ ಪಡಬೇಕು.

ಅಡುಗೆಗೆ ದೊಡ್ಡ ಕೆಂಪೇ ನಮ್ಮ ಆಯ್ಕೆ. ಗ್ವಾಂಗ್‌ಡಾಂಗ್ ಮನೆಗಳ ಕೆಂಪು ಕಾಳಿನ ಪಾಯಸಕ್ಕೆ: ಸಣ್ಣ ಕೆಂಪು ಆಡ್ಜುಕಿ ಕಾಳು 200 ಗ್ರಾಂ, ಐದು ಗಂಟೆ ನೆನೆಸಿದ್ದು, ಚೆನ್‌ಪೀ 5 ಗ್ರಾಂ, ಕಾಲು ಗಂಟೆ ನೆನೆಸಿ ಒಳಗಿನ ಬಿಳಿಯನ್ನು ಚಮಚದಲ್ಲಿ ಕೆರೆದು ಸಣ್ಣಗೆ ಹೆಚ್ಚಿದ್ದು, ನೀರು 2 ಲೀಟರ್. ಸಣ್ಣ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ. ಕಾಳು ಒಡೆದು ನುರಿದ ಮೇಲಷ್ಟೇ ಕಲ್ಲುಸಕ್ಕರೆ 90 ಗ್ರಾಂ. ಮೊದಲೇ ಹಾಕಿದರೆ ಕಾಳು ಮೆತ್ತಗಾಗುವುದಿಲ್ಲ. ಕುಕ್ಕರಿನಲ್ಲಿ ಮಾಡುವವರು ಕಾಳನ್ನು ಮಾತ್ರ ಬೇಯಿಸಿ, ಮುಚ್ಚಳ ತೆಗೆದ ಮೇಲೆ ಚೆನ್‌ಪೀ ಹಾಕಿ 25 ನಿಮಿಷ ಕುದಿಸಿ; ಇಲ್ಲವಾದರೆ ಪರಿಮಳವೆಲ್ಲ ಸೀಟಿಯ ಜತೆ ಹೋಗುತ್ತದೆ. ಆಡ್ಜುಕಿ ಸಿಗದಿದ್ದರೆ ಕೆಂಪು ಅಲಸಂದೆ ಆಗುತ್ತದೆ.

ಬಿಳಿಯನ್ನು ಕೆರೆಯಬೇಕೇ ಬೇಡವೇ ಎಂಬುದಕ್ಕೆ ಹಳೆಯ ಕಟ್ಟಳೆ: ಹೊಟ್ಟೆಯನ್ನು ಸಮಾಧಾನ ಮಾಡಲು ಬಿಳಿ ಇರಲಿ, ಕಫಕ್ಕೆ ಬಿಳಿ ತೆಗೆಯಿರಿ. ಔಷಧಿ ಸಂಹಿತೆಯ ಪ್ರಮಾಣ ದಿನಕ್ಕೆ 3ರಿಂದ 10 ಗ್ರಾಂ. ಊಟದ ಮೇಲೆ ಹೊಟ್ಟೆ ಉಬ್ಬರ, ಬಾಯಿ ಜಿಡ್ಡು, ಬಿಳಿ ಕಫದ ಕೆಮ್ಮು ಇದ್ದವರಿಗೆ ಇದು ಹೊಂದುತ್ತದೆ ಎನ್ನುತ್ತಾರೆ. ಒಣಕೆಮ್ಮು, ಬಾಯಾರಿಕೆ, ಮೈಯಲ್ಲಿ ಉಷ್ಣ ಇದ್ದವರಿಗೆ ಹೇಳುವುದಿಲ್ಲ. ಸಿಪ್ಪೆಯಲ್ಲಿ ಬಿಪಿ ಏರಿಸಬಲ್ಲ ಸಿನೆಫ್ರಿನ್ ಎಂಬ ಅಂಶ ಇರುತ್ತದೆ. ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಸಿಪ್ಪೆಯಲ್ಲ, ತಪಾಸಣೆ ಬೇಕು.

ಕೊಡಗಿನ ಕಿತ್ತಳೆಯಲ್ಲಿ ಇದನ್ನು ಮಾಡಬಹುದೇ? ಜಾತಿ ಒಂದೇ, ಸಿಟ್ರಸ್ ರೆಟಿಕ್ಯುಲೇಟಾ, ತಳಿ ಬೇರೆ. ಶಿನ್‌ಹ್ವೇಯ ಹೆಸರು ಅದಕ್ಕೆ ಸಲ್ಲದು, ರುಚಿಯೂ ಬೇರೆಯೇ ಬಂದೀತು, ವಿಧಾನ ಮಾತ್ರ ಹಾಗೇ ನಡೆಯುತ್ತದೆ. ಡಿಸೆಂಬರ್, ಜನವರಿಯ ಬಿಸಿಲು ಅನುಕೂಲ. ಭರಣಿ ತೆರೆಯಬಾರದ ತಿಂಗಳುಗಳು ಮಾತ್ರ ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್.

ಈಗ ಭರಣಿಯಲ್ಲಿರುವುದು: ಹಸಿರು 431 ಗ್ರಾಂ, ಎರಡನೇ ಕೆಂಪು 418, ದೊಡ್ಡ ಕೆಂಪು 437. ಮೀಟರು ಮೂರರಲ್ಲೂ 56ರಿಂದ 58. ಹಸಿರು ಸಿಪ್ಪೆಯನ್ನು ಡಿಸೆಂಬರ್ 2027ರ ತನಕ ಅಡುಗೆಗೆ ಮುಟ್ಟುವುದಿಲ್ಲ. ಕಹಿ ಇಳಿಯಲು ಅದಕ್ಕೆ ಇನ್ನೂ ಎರಡು ಚಳಿಗಾಲವಾದರೂ ಬೇಕು.