ಬೀದರಿನ ಕೆಂಪು ಕಲ್ಲಿನ ಕೆಳಗ ಪರಿಗಳ ದರ್ಬಾರು

ಪರಿ ಅಂದ್ರ ರೆಕ್ಕಿ ಹಚ್ಕೊಂಡ ಸಣ್ಣ ಹುಡುಗಿ ಅಂತ ಕಾರ್ಟೂನ್ ನೋಡಿದವ್ರು ತಿಳ್ಕೊಂಡಿರ್ತಾರ. ಆದ್ರ ಸ್ಕಾಟ್ಲೆಂಡಿನ ಹಳ್ಳಿ ಮಂದಿ ಅಂಜ್ತಿದ್ದ ಪರಿಗಳೇ ಬ್ಯಾರೆ. ಅವ್ರೊಳಗ ಎರಡು ದರ್ಬಾರು, ಸೀಲಿ ಒಂದು ಅನ್‌ಸೀಲಿ ಇನ್ನೊಂದು, ಮೊದಲನೇದು ಮರ್ಯಾದಿ ಕೊಟ್ರ ಉಪಕಾರ ಮಾಡ್ತದ, ಎರಡನೇದು ಏನೂ ತಪ್ಪು ಮಾಡಲಾರದವನಿಗೂ ರಾತ್ರಿ ದಾರಿ ಒಳಗ ಕಾಡ್ತದ. ಅಬರ್‌ಫಾಯಿಲ್ ಅನ್ನೋ ಊರಿನ ಪಾದ್ರಿ ರಾಬರ್ಟ್ ಕರ್ಕ್ ಈ ಅಡಗಿದ ಮಂದಿ ಬಗ್ಗೆ ಬರೆದಿಟ್ಟಿದ್ದ, 1692ರಾಗ ಸತ್ತ, ಊರವ್ರು ಮಾತ್ರ ಅವ್ನು ಸತ್ತಿಲ್ಲ, ಪರಿಗಳೇ ಒಯ್ದಾರ ಅಂತ ಹೇಳ್ಕೋತ ಬಂದ್ರು. ಈಗಿನ ಲೇಖಕರು ಅದೇ ದರ್ಬಾರುಗಳಿಗಿ ಸಿಟಿಗಿ ಕರ್ಕೊಂಡ್ ಬಂದಾರ, ಬಾರು, ಗಲ್ಲಿ, ಮೆಟ್ರೋ ಸುರಂಗದಾಗ ಜಗಳ ಹಚ್ಚ್ಯಾರ.

ನಂಗ ಇಂಥಾ ಕಥಿ ಅಂದ್ರ ಜೀವ. ಆದ್ರ ಒಂದು ಪ್ರಶ್ನೆ ಬಿಡಂಗಿಲ್ಲ: ಪರಿಗಳಿಗಿ ಕಬ್ಬಿಣ ಆಗಂಗಿಲ್ಲ, ಬಾಗಿಲ ಮ್ಯಾಲ ಕುದುರಿ ಲಾಳ ಹೊಡಿಯೋದು ಅದಕ್ಕೇ, ಹಂಗಿದ್ರ ಗೇಟು, ಗ್ರಿಲ್ಲು, ಶಟರ್, ಬಸ್ಸು ಎಲ್ಲಾ ಕಬ್ಬಿಣೇ ಇರೋ ಸಿಟಿ ಒಳಗ ಅವು ಬದುಕೋದು ಹ್ಯಾಂಗ? ಬಹಳಷ್ಟು ಕಥಿ ಇದನ್ನ ಹಾರಿಸಿಬಿಡ್ತಾವ. ನಾ ಹಾರಿಸಂಗಿಲ್ಲ, ಯಾಕಂದ್ರ ನಾ ಬರೀಲತ್ತಿರೋದು ಬೀದರ್ ಕಥಿ, ಮತ್ತ ಬೀದರಿನಾಗ ಕಬ್ಬಿಣ ನೆಲದಾಗೇ ಅದ.

ನಮ್ಮೂರು ಕೂತಿರೋದು ಜಂಬಿಟ್ಟಿಗಿ ಕಲ್ಲಿನ ಮ್ಯಾಲ, ಅದರ ಕೆಂಪು ಬಣ್ಣ ಕಬ್ಬಿಣದ ತುಕ್ಕಿಂದೇ. ಮಳಿ ನೀರು ಅದರೊಳಗ ಇಳೀತದ, ಕೆಳಗಿನ ಕಪ್ಪು ಗಟ್ಟಿ ಕಲ್ಲಿಗಿ ಬಂದು ನಿಲ್ತದ, ಅಲ್ಲೇ ಹರೀತದ. 15ನೇ ಶತಮಾನದಾಗ ಬಹಮನಿಗಳ ಕಾಲಕ್ಕ ಇರಾನಿನ ಪದ್ಧತಿ ಒಳಗ ಆ ನೀರಿಗಿ ದಾರಿ ಮಾಡಿ ಕರೇಜ್ ಕೊರೆದ್ರು, ನಾವೆಲ್ಲಾ ಸುರಂಗ ಬಾವಿ ಅಂತೀವಿ. ನೌಬಾದ್ ಕಡೆ ಹೋಗಿ ನೋಡ್ರಿ, ಮ್ಯಾಲಿಂದ ಕೆಳಗ ಇಳಿದ ಬಾವಿಯಂಥಾ ಗಾಳಿ ಕಿಂಡಿ ಸಾಲಾಗಿ ಅವ, ಬಗ್ಗಿದ್ರ ಮಟಮಟ ಮಧ್ಯಾಹ್ನದಾಗೂ ತಣ್ಣನ ಗಾಳಿ ಮುಖಕ್ಕ ಹೊಡೀತದ. ಅಲ್ಲಿ ಒಂದು ದರ್ಬಾರು ಇದ್ರ ಅದು ಅರಮನಿ ಅಲ್ಲ, ಜೈಲು! ಸುತ್ತ ಎಲ್ಲಾ ಕಬ್ಬಿಣದ ಗೋಡಿ, ಹೊರಗ ಬರ್ಲಿಕ್ಕ ಆ ಕಿಂಡಿ ಬಿಟ್ರ ಬ್ಯಾರೆ ದಾರಿ ಇಲ್ಲ, ಒಂದೊಂದು ಕಿಂಡಿಗಿ ಕಸ ತುಂಬಿದಂಗ ಒಂದೊಂದು ಬಾಗಿಲು ಬಂದ್.

ಇದು ನನ್ನ ಕೆಳಗಿನ ದರ್ಬಾರು, ನೀರಿಂದು.

ಮ್ಯಾಲಿನ ದರ್ಬಾರು ಹಳೇ ಸಿಟಿ ಒಳಗ, ಚೌಬಾರಾ ಅನ್ನೋ ಹಳೇ ಕಾವಲು ಗೋಪುರದ ಸುತ್ತ. ಹಳೇ ಊರಿನ ಓಣಿಗಳಿಗಿ ಇನ್ನೂ ತಾಲೀಮಿನ ಹೆಸರೇ ಅವ, ಸಿದ್ದಿಕ್ ಶಾ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲ್ ತಾಲೀಮ್, ಅಂದ್ರ ಹಿಂದ ಕಸರತ್ತು ಕಲಿಸ್ತಿದ್ದ ಜಾಗ. ದರ್ಬಾರಿನ ಸಿಪಾಯಿ ಎಲ್ಲಿ ತಯಾರಾಗ್ತಾರ ಅಂತ ನಾ ಹೊಸದಾಗಿ ಹುಟ್ಟಿಸೋ ಕೆಲಸೇ ಇಲ್ಲ. ಇವ್ರು ಕಬ್ಬಿಣದ ನಡುವ ಬದುಕೋದು ಬಿದ್ರಿ ಇಂದ. ಬಿದ್ರಿ ಅಂದ್ರ ನಮ್ಮೂರಿನ ಲೋಹದ ಕುಸುರಿ ಕೆಲಸ, ಜಸ್ತ (ಸತು), ಅದಕ್ಕ ಒಂಚೂರು ತಾಮ್ರ, ಮ್ಯಾಲ ಚಾಂದಿ ತಂತಿ, ಕಬ್ಬಿಣ ಇಲ್ಲೇ ಇಲ್ಲ. ಆ ಪರಿಗಳ ಕಡಗ, ಬಾಗಿಲ ಚಿಲಕ, ಖಂಜರ್ ಎಲ್ಲಾ ಬಿದ್ರಿ.

ಒಬ್ಬ ಕಾರೀಗರ್ ಚಾಚಾರ ಹತ್ರ ಕೂತು ನೋಡಿದಾಗ ಕಥಿ ಗಂಟು ಬಿಚ್ಚಿತು. ಕೆತ್ತಿ, ಚಾಂದಿ ಕೂಡಿಸಿ, ಉಜ್ಜಿ ಮುಗಿದ ಹೂದಾನಿ ಬೂದು ಬಣ್ಣದ್ದು, ಚಾಂದಿ ಎಲ್ಲಿ ಅದ ಅಂತ ಗೊತ್ತೇ ಆಗವಲ್ದು. ಕಿಲ್ಲೇದ ಮಣ್ಣಿಗಿ ನವಸಾಗರ ಕಲಿಸಿ, ಬಿಸಿ ಮಾಡಿ ಹಚ್ಚಿದ್ರು, ತೊಳದ್ರು, ಜಸ್ತ ಕಾಡಿಗಿಯಂಗ ಕಪ್ಪಾಗಿತ್ತು, ಹೂಬಳ್ಳಿ ಬೆಳ್ಳಗ ಎದ್ದು ಬಂದಿತ್ತು.

"ಚಾಂದಿ ಯಾಕ ಕಪ್ಪಾಗಲಿಲ್ಲ ಚಾಚಾ?"

"ಮಣ್ಣು ಅದಕ್ಕ ಹಿಡಿಯಂಗಿಲ್ಲ ಬೇಟಾ. ಎಲ್ಲಾ ಮಣ್ಣು ಆಗಂಗಿಲ್ಲ ಮತ್ತ, ನಾಲಿಗಿ ಮ್ಯಾಲ ಇಟ್ಟು ನೋಡೇ ತರ್ತೀವಿ."

ಅವ್ರ ಕೈಯಾಗ ಉಕ್ಕಿನ ಉಳಿ ಇತ್ತು, ನಾ ಅದನ್ನೇ ನೋಡ್ಕೋತ ಕೂತೆ. ಬಿದ್ರಿ ಪರಿಗಳು ಮುಟ್ಟಬಹುದು, ಕೆತ್ತಲಿಕ್ಕ ಆಗಂಗಿಲ್ಲ, ಯಾಕಂದ್ರ ಕೆತ್ತೋ ಉಳಿ ಕಬ್ಬಿಣದ್ದು. ಹಂಗಾರ ನೂರಾರು ವರ್ಷದಿಂದ ಮ್ಯಾಲಿನ ದರ್ಬಾರಿನ ಹತಿಯಾರು ಮಾಡ್ಕೋತ ಬಂದವ್ರು ಯಾರು? ಬಾಡಗಿ ಕೊಡೋ, ಚಾಂದಿ ರೇಟು ಏರಿದ್ರ ಕೆಲಸ ನಿಲ್ಲಿಸೋ ಮನುಷ್ಯಾರು. ಇಂಥಾ ಕಥಿ ಒಳಗ ಮನುಷ್ಯಾನಿಗಿ ಬಹಳ ಸಲ ಪರಿ ರಾಜಕುಮಾರನ ಮ್ಯಾಲ ಪ್ರೀತಿ ಹುಟ್ಟಿಸಿ ಕೂಡಿಸ್ತಾರ, ನಂಗದು ಸೇರಂಗಿಲ್ಲ. ಎರಡೂ ದರ್ಬಾರಿಗಿ ಬರಲಾರದ ಕೆಲಸ ಅವನ ಕೈಯಾಗ ಇರ್ಬೇಕು, ಆಗ ಅವನ ಬಾಗಿಲು ಬಡೀಲಿಕ್ಕ ಇಬ್ಬರಿಗೂ ಕಾರಣ ಸಿಗ್ತದ.

ಯುದ್ಧ ಶುರುವಾಗೋದು ಬೋರ್‌ವೆಲ್ಲಿಂದ. ಬ್ಯಾಸಗಿ, ನಳಕ್ಕ ನೀರಿಲ್ಲ, ಟ್ಯಾಂಕರ್ ಮುಂದ ಕೊಡ ಹಿಡ್ಕೊಂಡು ಜಗಳ, ಓಣಿಗೊಂದು ರಿಗ್ ಗಾಡಿ ಬಂದು ರಾತ್ರಿಯೆಲ್ಲಾ ಕೊರೀತದ, ಕೆಂಪು ಧೂಳು ಮನಿ ಒಳಗ ತುಂಬ್ತದ, ಕಬ್ಬಿಣದ ಕೇಸಿಂಗ್ ಪೈಪು ಕೆಳಗಿನ ದರ್ಬಾರಿನ ಛತ್ತು ಸೀಳ್ಕೊಂಡು ಇಳೀತದ. ಕೆಳಗಿನವ್ರು ಇದು ಮ್ಯಾಲಿನ ದರ್ಬಾರಿನ ಹುಕುಂ ಅಂತ ನಂಬ್ತಾರ. ಖರೇ ನೋಡಿದ್ರ ಯಾರ ಹುಕುಮ್ಮೂ ಇಲ್ಲ, ಮಂದಿಗಿ ಕುಡೀಲಿಕ್ಕ ನೀರು ಬೇಕಾಗಿತ್ತು.

ಹಳೇ ಸ್ಕಾಟಿಷ್ ಲಾವಣಿ ಒಳಗ ಪರಿಗಳು ಏಳು ವರ್ಷಕ್ಕೊಮ್ಮೆ ನರಕಕ್ಕ ಒಂದು ಜೀವ ತೆರಿಗಿ ಕಟ್ಟಬೇಕು ಅಂತದ, ಅದನ್ನ ಬಿಡಂಗಿಲ್ಲ, ಈ ಸಲದ ತೆರಿಗಿಗಿ ಇಬ್ಬರ ಕಣ್ಣೂ ಕಾರೀಗರ್‌ನ ಮೊಮ್ಮಗನ ಮ್ಯಾಲ ಬಿದ್ದದ. ಪರಿಗಳು ಕೊಟ್ಟಿದ್ದು ತಿನ್ನಬಾರದು, ತಿಂದ್ರ ಅವ್ರ ಸೊತ್ತು ಆಗ್ತೀರಿ ಅನ್ನೋ ನೇಮಾನೂ ಇಟ್ಟೀನಿ. ಆದ್ರ ಅಂಗಡಿಗಿ ಬಂದವ್ರಿಗಿ ಚಾ ಕುಡಿಸಲಾರ್ದೆ ಕಳಸೋ ಊರು ಇದಲ್ಲ. ಎರಡೂ ದರ್ಬಾರಿನ ವಕೀಲರು ಒಂದೇ ರಾತ್ರಿ ಬರ್ತಾರ, ಮುದುಕ ಇಬ್ಬರಿಗೂ ಚಾ ತರಿಸ್ತಾನ, ಇಬ್ಬರೂ ಕುಡೀತಾರ. ಹಂಗಾರ ಈಗ ಯಾರು ಯಾರ ಸೊತ್ತು? ಮೂರನೇ ಅಧ್ಯಾಯ ಇಲ್ಲಿಗಿ ಬಂದು ನಿಂತದ, ಮೊಮ್ಮಗ ಒಳಗ ಭಟ್ಟಿ ಹತ್ರ ಕೂತು ಎಲ್ಲಾ ಕೇಳಿಸ್ಕೊಳ್ಳತ್ತಾನ.