ಕುಂಭೋಜದಿಂದ ಸಾತಾರಕ್ಕೆ: ಅವ್ವನೊಡನೆ ಒಂದು ಪಯಣ

ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನಮ್ಮ ತಂದೆಯವರು ಪಡಸಾಲೆಯ ಗೋಡೆಗೆ ಎರಡೇ ಎರಡು ಪಟಗಳನ್ನು ತೂಗುಹಾಕಿದ್ದರು. ಒಂದು ಬಸವಣ್ಣನವರದು; ಇನ್ನೊಂದು ಬಿಳಿಯ ಗಡ್ಡ ಬಿಟ್ಟು, ಹೆಗಲ ಮೇಲೆ ಕಂಬಳಿ ಹೊದ್ದ ಹಿರಿಯರೊಬ್ಬರದು. ಅವರು ಯಾರೋ ಸ್ವಾಮಿಗಳಿರಬೇಕೆಂದು ತಿಳಿದು ಚಿಕ್ಕಂದಿನಲ್ಲಿ ನಾನು ಇಬ್ಬರಿಗೂ ಕೈಮುಗಿಯುತ್ತಿದ್ದೆ. ಅವರು ಸ್ವಾಮಿಗಳಲ್ಲ, ಹೆಂಡತಿ ಮಕ್ಕಳಿದ್ದ ಗೃಹಸ್ಥರು, ಮಹಾರಾಷ್ಟ್ರದ ಸಾತಾರದಲ್ಲಿ ಬಡ ಮಕ್ಕಳಿಗಾಗಿ ಶಾಲೆ, ವಿದ್ಯಾರ್ಥಿನಿಲಯ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ಎಂದು ತಿಳಿದದ್ದು ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಓದುವ ಹೊತ್ತಿಗೆ. ಆಗ ನಮ್ಮ ಮನೆಯಲ್ಲಿ ನನ್ನೊಡನೆ ಅದೇ ಪರೀಕ್ಷೆಗೆ ಓದುವ ಪರ ಊರಿನ ಐದು ಮಂದಿ ಹುಡುಗರು ಉಂಡು ಮಲಗುತ್ತಿದ್ದರು. ಒಮ್ಮೆ ಸಾತಾರಕ್ಕೆ ಹೋಗಿಬರಬೇಕು ಎಂದು ತಂದೆಯವರು ನಿವೃತ್ತಿಯ ನಂತರವೂ ಹೇಳುತ್ತಲೇ ಇದ್ದರು, ಆದರೆ ಹೋಗಲಾಗಲಿಲ್ಲ. ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, ಕಳೆದ ಸಂಕ್ರಾಂತಿ ಮುಗಿದ ವಾರ, ಎಂಬತ್ತೆರಡು ವರ್ಷದ ಅವ್ವನನ್ನು ಕರೆದುಕೊಂಡು ನಾನು ಹೊರಟೆ.

ನಿಪ್ಪಾಣಿ ದಾಟಿ, ಕಾಗಲ್ ಕಳೆದು ಕೊಲ್ಲಾಪುರದ ಸೀಮೆಗೆ ಬಂದಾಗ ಬಿಸಿಲೇರಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು, ಆಲೆಮನೆಯ ಹೊಗೆಯೊಡನೆ ಬೆಲ್ಲದ ಪಾಕದ ವಾಸನೆ ಕಾರಿನೊಳಕ್ಕೆ ಬರುತ್ತಿತ್ತು. ನಾವು ಮೊದಲು ಹಾತಕಣಂಗಲೆಯ ಕಡೆಗೆ ತಿರುಗಿ ಕುಂಭೋಜಕ್ಕೆ ಹೋದೆವು. ಭಾವುರಾಯರು 1887ರ ಸೆಪ್ಟೆಂಬರ್ 22ರಂದು ಹುಟ್ಟಿದ್ದು ಇಲ್ಲಿಯೇ. ಊರಿನ ಬಳಿಯ ಗುಡ್ಡದ ಮೇಲೆ ಇಂದು 28 ಅಡಿ ಎತ್ತರದ ಬಾಹುಬಲಿಯ ಬಿಳಿಯ ಮೂರ್ತಿ ನಿಂತಿದೆ. ಗುಡ್ಡ ಹತ್ತುವುದು ಅವ್ವನಿಂದ ಆಗದ ಮಾತು. ಕೆಳಗಿನಿಂದಲೇ ಹಣೆಗೆ ಕೈಯಿಟ್ಟು ನೋಡಿ, "ನಮ್ಮ ಗೊಮ್ಮಟನ ತಮ್ಮನ ಹಂಗ ಅದಾನ" ಎಂದಳು. ಆ ಮಾತು ಅಲ್ಲಿಗೆ ಹೊಂದುವಂಥದೇ. ಭಾವುರಾಯರ ಪೂರ್ವಜರು ಮೂಡಬಿದಿರೆಯಿಂದ ವಲಸೆ ಹೋದ ಜೈನರು. ಘಟ್ಟದ ಕೆಳಗಿನ ನಾಡಿನಿಂದ ಕೃಷ್ಣೆ, ವಾರಣೆಯರ ಕಪ್ಪು ಮಣ್ಣಿನವರೆಗೆ ಬಂದ ಆ ಮನೆತನ ಐತವಡೆ ಬುದ್ರುಕ್ ಎಂಬ ಊರಿನಲ್ಲಿ ನೆಲೆಸಿ, ಪಾಟೀಲಕಿ ಹಿಡಿದು, ಮರಾಠಿಯನ್ನೇ ಮನೆಮಾತು ಮಾಡಿಕೊಂಡಿತು.

ಕೊಲ್ಲಾಪುರದಲ್ಲಿ ನಾವು ಊಟಕ್ಕಷ್ಟೇ ನಿಂತೆವು. ಆದರೆ ಭಾವುರಾಯರ ಸ್ವಭಾವ ಏನೆಂದು ತಿಳಿಯಬೇಕಾದರೆ ಈ ಊರಿನ ಎರಡು ಸಂಗತಿಗಳನ್ನು ಹೇಳಲೇಬೇಕು. ರಾಜಾರಾಮ ಹೈಸ್ಕೂಲಿಗೆ ಓದಲು ಬಂದ ಅವರು ಇಲ್ಲಿನ ಜೈನ ವಿದ್ಯಾರ್ಥಿನಿಲಯದಲ್ಲಿದ್ದರು. ಅಸ್ಪೃಶ್ಯರ ಮಕ್ಕಳಿಗಾಗಿ ತೆರೆದ ವಿದ್ಯಾರ್ಥಿನಿಲಯವೊಂದರ ಆರಂಭಕ್ಕೆ ಹೋಗಿ ಬಂದ ಮೇಲೆ, ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ಕಟ್ಟಳೆಗೆ ಅವರು ಒಪ್ಪಲಿಲ್ಲ. ನಿಲಯವನ್ನು ನಡೆಸುತ್ತಿದ್ದ ಅಣ್ಣಾಸಾಹೇಬ ಲಠ್ಠೆಯವರು ಅವರನ್ನು ಹೊರಗೆ ಹಾಕಿದರು. ಮುಂದೆ 1914ರಲ್ಲಿ ಎಡ್ವರ್ಡ್ ದೊರೆಯ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣ ನಡೆದಾಗ, ಅದನ್ನು ಲಠ್ಠೆಯವರ ತಲೆಗೆ ಕಟ್ಟಲು ಸುಳ್ಳು ಸಾಕ್ಷಿ ಹೇಳಬೇಕೆಂದು ಇದೇ ಭಾವುರಾಯರ ಮೇಲೆ ಒತ್ತಡ ಬಂದಿತು. ತಮ್ಮನ್ನು ಹೊರಗಟ್ಟಿದವರ ವಿರುದ್ಧ ಒಂದು ಮಾತನ್ನೂ ಅವರು ಆಡಲಿಲ್ಲ. ಬದಲಿಗೆ ಜೈಲುವಾಸ ಅನುಭವಿಸಿದರು. ತಂದೆಯವರು ಈ ಕಥೆಯನ್ನು ಏಳನೆಯ ಇಯತ್ತೆಯ ಹುಡುಗರಿಗೆ ಪ್ರತಿ ವರ್ಷವೂ ಹೇಳುತ್ತಿದ್ದರು, ಹೇಳುವಾಗ ಪ್ರತಿ ವರ್ಷವೂ ಅವರ ಧ್ವನಿ ಗದ್ಗದವಾಗುತ್ತಿತ್ತು.

ಕರಾಡದ ಸಮೀಪದ ಕಾಲೆ ಎಂಬ ಹಳ್ಳಿಯಲ್ಲಿ 1919ರ ಅಕ್ಟೋಬರ್ 4ರಂದು ಭಾವುರಾಯರ ರಯತ್ ಶಿಕ್ಷಣ ಸಂಸ್ಥೆ ಹುಟ್ಟಿತು. ಜೋತಿಬಾ ಫುಲೆಯವರು ಕಟ್ಟಿದ ಸತ್ಯಶೋಧಕ ಸಮಾಜದ ಸಭೆಯಲ್ಲಿ ಆದ ನಿರ್ಣಯವದು. ಅಷ್ಟು ಹೊತ್ತಿಗೆ ಭಾವುರಾಯರು ಸಾತಾರದಲ್ಲಿ ಮನೆಪಾಠ ಹೇಳಿ 'ಪಾಟೀಲ ಮಾಸ್ತರ' ಎಂದು ಹೆಸರಾಗಿದ್ದರು. ಓಗಲೆಯವರ ಗಾಜಿನ ಸಾಮಾನು, ಕಿರ್ಲೋಸ್ಕರರ ನೇಗಿಲು ಮಾರುತ್ತ ಊರೂರು ತಿರುಗಿದ್ದರು. ನೇಗಿಲು ಕೊಳ್ಳುವ ರೈತನ ಮನೆಯೊಳಗೆ ಅಕ್ಷರ ಬಲ್ಲವರು ಒಬ್ಬರೂ ಇಲ್ಲವೆಂಬುದು ಅವರಿಗೆ ಆ ತಿರುಗಾಟದಲ್ಲಿ ಕಣ್ಣಾರೆ ಕಂಡ ಸತ್ಯವಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಕರಾಡದಲ್ಲಿ ಕೃಷ್ಣೆಯೂ ಕೊಯ್ನೆಯೂ ಎದುರೆದುರಿನಿಂದ ಬಂದು ಅಪ್ಪಿಕೊಳ್ಳುವ ಪ್ರೀತಿಸಂಗಮದ ದಂಡೆಯಲ್ಲಿ ಅರ್ಧ ಗಂಟೆ ಕೂತು, ಅವ್ವ ಕಾಲು ತೊಯ್ಯಿಸಿಕೊಂಡ ಮೇಲೆ ಮುಂದೆ ಹೊರಟೆವು.

ಸಾತಾರ ತಲುಪಿದಾಗ ಅಜಿಂಕ್ಯತಾರಾ ಕೋಟೆಯ ಮೇಲೆ ಸಂಜೆಗೆಂಪು ಇಳಿದಿತ್ತು. ಭಾವುರಾಯರು ತಮ್ಮ ಕೆಲಸವನ್ನು ಈ ಊರಿಗೆ ತಂದದ್ದು 1924ರಲ್ಲಿ. ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಸೂರಿನಡಿ ಮಲಗುವ ವಿದ್ಯಾರ್ಥಿನಿಲಯ ಅದು. 1927ರ ಫೆಬ್ರುವರಿ 25ರಂದು ಗಾಂಧೀಜಿ ಬಂದು ಅದಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಎಂದು ಹೆಸರಿಟ್ಟರು. ಇಲ್ಲಿನ ಹುಡುಗರು ತಮ್ಮ ಕೂಳನ್ನು ತಾವೇ ದುಡಿದು ಓದುತ್ತಿದ್ದರು: ಹೊಲ ಉಳುತ್ತಿದ್ದರು, ಕಲ್ಲು ಒಡೆಯುತ್ತಿದ್ದರು, ಗೋಡೆ ಕಟ್ಟುತ್ತಿದ್ದರು. 1947ರಲ್ಲಿ ತೆರೆದ ಛತ್ರಪತಿ ಶಿವಾಜಿ ಕಾಲೇಜಿನ ನೆಲವನ್ನು ಹದ ಮಾಡಿದ ಕೈಗಳೂ ವಿದ್ಯಾರ್ಥಿಗಳವೇ. 'ಸ್ವಾವಲಂಬೀ ಶಿಕ್ಷಣ ಹೇಚ ಆಮಚೇ ಬ್ರೀದ' ಎಂಬುದು, ಅಂದರೆ ಸ್ವಾವಲಂಬೀ ಶಿಕ್ಷಣವೇ ನಮ್ಮ ವ್ರತ ಎಂಬುದು, ಸಂಸ್ಥೆಯ ಧ್ಯೇಯವಾಕ್ಯ. ಆ 'ಬ್ರೀದ' ನಮ್ಮ 'ಬಿರುದು' ಎಂಬ ಮಾತಿನದೇ ನೆಂಟ. ಆದ್ದರಿಂದ ಅವ್ವನಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಪೋವಯಿ ನಾಕಾದ ಬಳಿ ಇರುವ ಭಾವುರಾಯರ ಸಮಾಧಿಗೆ ಹೋದೆವು. ಸಂಸ್ಥೆಯ ಲಾಂಛನವಾದ ಆಲದ ಮರದ ಕೆಳಗೆ ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇಂಗ್ಲಿಷ್ ಆರನೆಯ ತರಗತಿಯಿಂದ ಮುಂದೆ ದಾಟಲಾಗದ ಮನುಷ್ಯನಿಗೆ ಪುಣೆ ವಿಶ್ವವಿದ್ಯಾಲಯ 1959ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, ಅದೇ ವರ್ಷ ಪದ್ಮಭೂಷಣವೂ ಬಂದಿತು, ಅದೇ ವರ್ಷ ಮೇ 9ರಂದು ಅವರು ತೀರಿಕೊಂಡರು ಎಂದು ನಾನು ಅವ್ವನಿಗೆ ಹೇಳುತ್ತಿದ್ದೆ. ಅವರ ಬೋರ್ಡಿಂಗಿನಲ್ಲಿ ಬೆಳೆದ ಬಡ ಹುಡುಗ ಪಿ. ಜಿ. ಪಾಟೀಲರು ಬ್ಯಾರಿಸ್ಟರರಾಗಿ, ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದುದನ್ನೂ ಹೇಳಿದೆ. ಅವ್ವ ಎಲ್ಲವನ್ನೂ ಕೇಳಿ, "ಅಡಗಿ ಯಾರು ಮಾಡತಿದ್ರು?" ಎಂದು ಒಂದೇ ಮಾತು ಕೇಳಿದಳು.

ತಂದೆಯವರ ಬಾಯಲ್ಲಿ ನೂರು ಸಲ ಕೇಳಿದ್ದ ಆ ಕಥೆಯನ್ನು ಅಡುಗೆಯವರ ಕಡೆಯಿಂದ ನಾನು ಎಂದೂ ನೋಡಿರಲಿಲ್ಲ. ಅಡುಗೆ ಮಾಡುತ್ತಿದ್ದವರು ಭಾವುರಾಯರ ಹೆಂಡತಿ ಲಕ್ಷ್ಮೀಬಾಯಿ. ಕುಂಭೋಜದ ಅನುಕೂಲಸ್ಥ ಜೈನ ಪಾಟೀಲರ ಮಗಳಾಗಿ, ಮಡಿ ಮೈಲಿಗೆಯ ನಡುವೆ ಬೆಳೆದ ಆಕೆ, ಅಸ್ಪೃಶ್ಯರೆನಿಸಿದ್ದ ಮಾಂಗ, ಮಹಾರ ಜಾತಿಗಳ ಮಕ್ಕಳನ್ನು ಗಂಡ ಕೈಹಿಡಿದು ಮನೆಗೆ ಕರೆತಂದಾಗ ಮೊದಲಿಗೆ ತಳಮಳಿಸಿದ್ದು ಸಹಜವೇ. ಬರಬರುತ್ತ ಅದೇ ಮಕ್ಕಳ ತಲೆ ಎರೆದು, ಜ್ವರ ಬಂದರೆ ರಾತ್ರಿ ಕಾದು ಕೂತು, ರೊಟ್ಟಿ ಬಡಿದು ಹಾಕಿದರು. ಹಳ್ಳಿಗಳಿಂದ ಹಿಡಿ ಹಿಡಿ ಧಾನ್ಯ ಬರುತ್ತಿತ್ತು, ಸಾಲದಾಗ ಸಾಲ ತರುತ್ತಿದ್ದರು. ಸಾಲವೂ ಹುಟ್ಟದ ದಿನಗಳಲ್ಲಿ ಲಕ್ಷ್ಮೀಬಾಯಿಯವರ ತವರಿನ ಚಿನ್ನ ಒಂದೊಂದಾಗಿ ಮೈಯಿಂದ ಇಳಿಯಿತು. ಒಂದು ಹಬ್ಬದ ಹೊತ್ತಿನಲ್ಲಿ, ಭಾವುರಾಯರು ಊರಿನಲ್ಲಿಲ್ಲದಾಗ, ಮಕ್ಕಳಿಗೆ ಹಾಕಲು ಕಾಳಿಲ್ಲವೆಂದು ಆಕೆ ಕೊರಳಿನ ಮಂಗಳಸೂತ್ರವನ್ನೇ ಕೊಟ್ಟರು. 1930ರಲ್ಲಿ, ಸಂಸ್ಥೆ ಇನ್ನೂ ಚಿಕ್ಕದಿದ್ದಾಗಲೇ ಆಕೆ ತೀರಿಕೊಂಡರು. ರಯತ್ ಮಾವುಲಿ, ಅಂದರೆ ರಯತ್‌ನ ತಾಯಿ, ಎಂದು ಆಕೆಯನ್ನು ಇಂದು ಕರೆಯುತ್ತಾರೆ. ಸೊಲ್ಲಾಪುರದ ಮಹಿಳಾ ಕಾಲೇಜೊಂದಕ್ಕೆ ಆಕೆಯ ಹೆಸರಿದೆ. ಗಂಡ ಮುಂದೆ ಸುಮಾರು ಮೂವತ್ತು ವರ್ಷ ಬದುಕಿ, ನೂರಕ್ಕೂ ಹೆಚ್ಚು ಪ್ರೌಢಶಾಲೆಗಳಾಗುವುದನ್ನು ನೋಡಿದರು, ಆಕೆ ನೋಡಲಿಲ್ಲ.

ಭಾವುರಾಯರು ಸಂಸಾರವನ್ನು ಮರೆತು ಶಾಲೆ ಕಟ್ಟಿದರು ಎಂದು ಕೆಲವರು ಹೊಗಳುವುದನ್ನು ನಾನು ಕೇಳಿದ್ದೇನೆ. ಈ ಪಯಣದ ನಂತರ ಆ ಹೊಗಳಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಅವರು ಸಂಸಾರವನ್ನು ಮರೆತಿದ್ದರೆ ಆ ಬೋರ್ಡಿಂಗ್ ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಸಂಸಾರವನ್ನೇ ಹಿಗ್ಗಿಸಿ ಅವರು ಅದನ್ನು ಬೋರ್ಡಿಂಗ್ ಮಾಡಿದರು, ಅದರ ಒಲೆ ಲಕ್ಷ್ಮೀಬಾಯಿಯವರದಾಗಿತ್ತು.

ನಾನು ಕಥೆ ಮುಗಿಸುವಷ್ಟರಲ್ಲಿ ಅವ್ವ ಆಲದ ಬೇರಿನ ಮೇಲೆ ಕೂತಿದ್ದಳು. ಹಲವು ಹೊತ್ತು ಏನೂ ಮಾತಾಡದೆ, ಬಲಗೈಯ ಮುಷ್ಟಿಯನ್ನು ಮುಚ್ಚಿ ತೆರೆದು ಮಾಡುತ್ತಿದ್ದಳು. ಒಂದು ಹಿಡಿ ಜೋಳದ ಹಿಟ್ಟಿಗೆ ಎಷ್ಟು ರೊಟ್ಟಿ ಎಂದು ಲೆಕ್ಕ ಹಾಕುವಾಗ ಅವಳು ಹೀಗೆಯೇ ಮಾಡುವುದು. ನಮ್ಮ ಮನೆಯ ಐದು ಹುಡುಗರ ಕಾಲದಿಂದಲೂ ನಾನು ಕಂಡಿದ್ದೇನೆ.

ರಾತ್ರಿ ವಸತಿಗೃಹದಲ್ಲಿ ನಾನು ತಂದೆಯವರ ಹಳೆಯ ನೋಟುಬುಕ್ಕನ್ನು ತೆಗೆದೆ. ಸಾತಾರದಲ್ಲಿ ಓದಬೇಕೆಂದೇ ಅದನ್ನು ತಂದಿದ್ದೆ. ನಮ್ಮ ಮನೆಯಲ್ಲಿದ್ದು ಓದಿದ ಹುಡುಗರ ಹೆಸರು, ಊರು, ಪರೀಕ್ಷೆಯ ಅಂಕಗಳು, ಮುಂದೆ ಸೇರಿದ ನೌಕರಿ, ಎಲ್ಲವೂ ದುಂಡಗಿನ ಅಕ್ಷರಗಳಲ್ಲಿ ಅದರಲ್ಲಿ ಇದ್ದವು. ನಾನು ಗಟ್ಟಿಯಾಗಿ ಓದುತ್ತ ಹೋದಂತೆ ಅವ್ವ ನಡುನಡುವೆ ತಡೆದು ಹೇಳತೊಡಗಿದಳು. ಮೊದಲ ಹುಡುಗನ ಹೆಸರು ಬಂದಾಗ, "ಅವನ ಫೀಗೆ ನನ್ನ ಬೋರಮಾಳ ಸರ." ಮುಂದಿನ ಪುಟದಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರು ಬಂದಾಗ, "ಆ ವರ್ಷ ಮಳಿ ಇರಲಿಲ್ಲ. ಒಂದು ಬಿಲ್ವಾರ ಜೋಳಕ್ಕ ಹೋತು, ಇನ್ನೊಂದು ಅವರ ಅರಿವಿಗೆ." ಅವಳ ಮಾತಿನಲ್ಲಿ ದೂರು ಇರಲಿಲ್ಲ. ತಂದೆಯವರ ಅಂಕಗಳ ಪಟ್ಟಿಗೆ ಬಿಟ್ಟುಹೋದ ಸಾಲೊಂದನ್ನು ಸೇರಿಸುವವಳಂತೆ ಆಕೆ ಹೇಳುತ್ತಿದ್ದಳು. ನಾನು ಪೆನ್ನು ತೆಗೆದು, ಆಯಾ ಹೆಸರಿನ ಮುಂದಿನ ಖಾಲಿ ಜಾಗದಲ್ಲಿ ಕೊರಳ ಬೋರಮಾಳ, ಕೈಯ ಬಿಲ್ವಾರ, ಕಿವಿಯ ಬುಗುಡಿ ಎಂದು ಬರೆಯುತ್ತ ಹೋದೆ. ಹನ್ನೊಂದನೆಯ ಹೆಸರಿಗೆ ಬಂದಾಗ ಅವ್ವ, "ಸಾಕು, ದೀಪ ಆರಿಸು, ನಾಳೆ ಹಾದ್ಯಾಗ ಹೇಳತೀನಿ" ಎಂದು ಮಗ್ಗಲು ಬದಲಿಸಿದಳು.