ಮೋರಿಯವರೆಗೆ ಬಂದ ಮಾಷ್ಟ್ರು

ನಮ್ಮ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಮಾಷ್ಟ್ರು ತೀರಿಹೋದ ಸುದ್ದಿ ಸಿಕ್ಕಿದಾಗ ನಾನು ಮಂಗಳೂರಿನ ಕೋರ್ಟಿನಲ್ಲಿದ್ದೆ. ಹಳೆ ವಿದ್ಯಾರ್ಥಿಗಳ ವಾಟ್ಸಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಮಧ್ಯಾಹ್ನದ ಕೇಸನ್ನು ಜೂನಿಯರ್ ಹುಡುಗನಿಗೆ ಒಪ್ಪಿಸಿ ಹೊರಟೆ. ತಲಪಾಡಿ ದಾಟುವಾಗ ಮಳೆ ಶುರುವಾಯಿತು. ಕಾಸರಗೋಡಿನ ಮಳೆ ನಿಮಗೆ ಗೊತ್ತಲ್ಲ. ದಾರಿಯುದ್ದಕ್ಕೂ ನನಗೆ ನೆನಪಾಗುತ್ತಿದ್ದದ್ದು ಒಂದೇ. ಕರಿಹಲಗೆಯ ಮೇಲೆ ಅವರು ಎಳೆಯುತ್ತಿದ್ದ ಒಂದು ಉದ್ದನೆಯ ಗೆರೆ.

ಆ ಗೆರೆ ಕಣ್ಣೂರಿನಿಂದ ಹೊರಟು ಮದ್ರಾಸಿಗೆ ಮುಟ್ಟುತ್ತಿತ್ತು. 1936ರಲ್ಲಿ ಎ.ಕೆ. ಗೋಪಾಲನ್, ಮುಂದೆ ಕಮ್ಯುನಿಸ್ಟ್ ನಾಯಕರಾಗಿ ಎ.ಕೆ.ಜಿ. ಅಂತಲೇ ಹೆಸರಾದವರು, ಹಸಿದವರ ಒಂದು ಜಾಥಾ ಕಟ್ಟಿಕೊಂಡು ನಡೆದ ದಾರಿ ಅದು. ಸುಮಾರು 750 ಮೈಲಿ. ನಾವು ಒಂಬತ್ತನೇ ತರಗತಿಯವರು. ಪಾಠ ಯಾವುದಿತ್ತೋ ಈಗ ನೆನಪಿಲ್ಲ. ಪಾಠಪುಸ್ತಕದಲ್ಲಿ ಎ.ಕೆ.ಜಿ. ಇದ್ದರೋ ಇಲ್ಲವೋ, ಅದೂ ನೆನಪಿಲ್ಲ. ಮಾಷ್ಟ್ರು ಸೀಮೆಸುಣ್ಣ ಹಿಡಿದು ಗೆರೆ ಎಳೆಯುತ್ತಾ, "ಇಲ್ಲಿ ಒಂದು ರಾತ್ರಿ, ಇಲ್ಲಿ ಊಟ ಕೊಟ್ಟವರು ಯಾರೋ ಬಡವರು, ಇಲ್ಲಿ ಕಾಲಲ್ಲಿ ಗುಳ್ಳೆ" ಅಂತ ಹೇಳುತ್ತಿದ್ದದ್ದು ಮಾತ್ರ ಹಾಗೇ ಉಳಿದಿದೆ.

ಎ.ಕೆ.ಜಿ. ಕೂಡ ಮೊದಲು ಮಾಷ್ಟ್ರೇ. ಕಣ್ಣೂರಿನ ಹತ್ತಿರದ ಪೆರಳಶ್ಶೇರಿ ಕಡೆಯವರು. ತಲಶ್ಶೇರಿಯಲ್ಲಿ ಓದಿ, ಏಳು ವರ್ಷ ಶಾಲೆಯಲ್ಲಿ ಪಾಠ ಹೇಳಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಬಂದಾಗ ಕೆಲಸ ಬಿಟ್ಟರು. ಜೈಲಿಗೆ ಹೋದರು. ಈ ಭಾಗ ಬಂದಾಗ ನಮ್ಮ ಮಾಷ್ಟ್ರ ಸ್ವರ ಸ್ವಲ್ಪ ಬದಲಾಗುತ್ತಿತ್ತು. "ನಾನು ಬಿಡಲಿಲ್ಲ ಮಕ್ಕಳೇ, ನನಗೆ ಅಷ್ಟು ಧೈರ್ಯ ಇಲ್ಲ" ಅನ್ನುತ್ತಿದ್ದರು. ಅವರಿಗೆ ಧೈರ್ಯ ಇಲ್ಲ ಅನ್ನುವುದನ್ನು ನಾನು ಯಾವತ್ತೂ ನಂಬಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅವರು ಒಕ್ಕಲು ಮನೆಯಿಂದ ಬಂದವರು. ಅಪ್ಪ ಗೇಣಿ ಅಕ್ಕಿಯ ಮುಡಿ ಹೊತ್ತು ಧಣಿಯ ಮನೆ ಹಿತ್ತಿಲಲ್ಲಿ ನಿಲ್ಲುತ್ತಿದ್ದದ್ದನ್ನು ನೋಡಿ ಬೆಳೆದವರು. 1970 ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿಯೇ ಇಲ್ಲವಾಯಿತು. ಗದ್ದೆ ಅವರದ್ದಾಯಿತು. ಅವರ ಮನೆಯ ಗೋಡೆಯಲ್ಲಿ ದೇವರ ಪಟದ ಪಕ್ಕದಲ್ಲೇ, ಒಕ್ಕಲುಗಳ ಪರ ಹೋರಾಡಿದ ಎ.ಕೆ.ಜಿ. ಫೋಟೋ ಇದ್ದದ್ದು ಹಾಗಾಗಿ. ಎ.ಕೆ.ಜಿ. 1957, 1962, 1967, ಮೂರು ಸಲವೂ ನಮ್ಮ ಕಾಸರಗೋಡಿನಿಂದಲೇ ಲೋಕಸಭೆಗೆ ಗೆದ್ದವರು. 1962ರಲ್ಲಿ ನಮ್ಮ ಕಡೆ ಭಾಷಣಕ್ಕೆ ಬಂದಿದ್ದಾಗ ಮಾಷ್ಟ್ರು ಎದುರು ಸಾಲಿನಲ್ಲಿ ನೆಲದ ಮೇಲೆ ಕೂತು ಕೇಳಿದ್ದರಂತೆ.

ಊರಿನ ಕೆಲವರಿಗೆ ಇದು ಸರಿ ಬರುತ್ತಿರಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ ನೋವು ಇನ್ನೂ ಹಸಿಯಾಗಿತ್ತು. "ಕೇರಳದ ಪಕ್ಷದವರನ್ನು ಕನ್ನಡ ಶಾಲೆಯಲ್ಲಿ ಹೊಗಳುತ್ತೀರಲ್ಲ" ಅಂತ ಒಬ್ಬರು ಶಾಲೆಯ ಜಗಲಿಯಲ್ಲೇ ಕೇಳಿದ್ದರು. ಮಾಷ್ಟ್ರು ಹೇಳಿದ ಉತ್ತರ ನಾನು ಕಿವಿಯಾರೆ ಕೇಳಿದ್ದು. "ಭಾಷೆಯ ನೋವು ನನಗೂ ಉಂಟು. ಆದರೆ ನನ್ನ ಅಪ್ಪನಿಗೆ ಧಣಿ ಬೈಯುತ್ತಿದ್ದದ್ದು ಕನ್ನಡದಲ್ಲೇ." ಕನ್ನಡಕ್ಕೋಸ್ಕರ ಅವರು ಎಷ್ಟು ಓಡಾಡಿದ್ದರು ಅಂತ ಗೊತ್ತಿದ್ದವರು ಆಮೇಲೆ ಮಾತಾಡಲಿಲ್ಲ.

ಈಗ ಗಂಟೆಯ ಕತೆ. ನನ್ನ ಬ್ಯಾಚಿನವರಿಗೆಲ್ಲ ಗೊತ್ತಿರುವ ಕತೆ ಅರ್ಧ ಮಾತ್ರ. ಉಳಿದರ್ಧವನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ.

ನಮ್ಮ ಶಾಲೆಯ ಗಂಟೆ ಅಂದರೆ ರೈಲು ಕಂಬಿಯ ಒಂದು ತುಂಡು. ಆಫೀಸಿನ ಎದುರು ತೂಗು ಹಾಕಿತ್ತು. ಅದನ್ನು ಪ್ಯೂನ್ ಬಿಟ್ಟು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಆ ವಾರ ಮಾಷ್ಟ್ರು ಗುರುವಾಯೂರು ಸತ್ಯಾಗ್ರಹದ ಕತೆ ಹೇಳಿದ್ದರು. 1931ರ ನವೆಂಬರ್ 1ರಂದು ಶುರುವಾದದ್ದು. ಎಲ್ಲ ಜಾತಿಯವರನ್ನೂ ದೇವಸ್ಥಾನದ ಒಳಗೆ ಬಿಡಬೇಕು ಅಂತ ಹೋರಾಟ. ಕೆ. ಕೇಳಪ್ಪನ್ ಮುಂದಾಳು, ಎ.ಕೆ.ಜಿ. ಸ್ವಯಂಸೇವಕರ ಕ್ಯಾಪ್ಟನ್. ಆಗ ಇವರೆಲ್ಲ ಕಾಂಗ್ರೆಸ್ಸಿನವರೇ. ಗರ್ಭಗುಡಿಯ ಎದುರಿನ ಗಂಟೆಯನ್ನು ಬ್ರಾಹ್ಮಣರು ಮಾತ್ರ ಬಾರಿಸಬೇಕಿತ್ತು. ಸತ್ಯಾಗ್ರಹಿಗಳಲ್ಲಿ ಒಬ್ಬರಾದ ಪಿ. ಕೃಷ್ಣ ಪಿಳ್ಳೆ ಒಂದು ದಿನ ಒಳಗೆ ಹೋಗಿ ಅದನ್ನು ಬಾರಿಸಿಯೇ ಬಿಟ್ಟರು. ಕಾವಲಿನವರು ಬೆನ್ನಿಗೆ ಹೊಡೆದರು. ಹೊಡೆತ ಬೀಳುತ್ತಿದ್ದರೂ ಅವರು ಬಾರಿಸುತ್ತಲೇ ಇದ್ದರು. ಕತೆ ಹೇಳುವಾಗ ಮಾಷ್ಟ್ರು ಮೇಜಿನ ಮೇಲೆ ಡಸ್ಟರ್ ಬಡಿಯುತ್ತಿದ್ದರು. ಟಣ್, ಟಣ್, ಟಣ್. ನನ್ನ ಮೈ ಜುಮ್ಮೆಂದಿತು.

ಮಾರನೇ ದಿನ ಕೊನೆಯ ಎರಡು ಪಿರಿಯಡ್ ಗಣಿತ. ಹೊರಗೆ ಜಡಿಮಳೆ. ನಾನು ನೀರು ಕುಡಿಯಲು ಅಂತ ಕೇಳಿ ಹೊರಗೆ ಬಂದೆ. ಆಫೀಸಿನ ಹತ್ತಿರ ಯಾರೂ ಇರಲಿಲ್ಲ. ಸುತ್ತಿಗೆ ಅಲ್ಲೇ ಇತ್ತು. ಮೂರೂಕಾಲು ಗಂಟೆಗೆ ಲಾಂಗ್ ಬೆಲ್ ಹೊಡೆದುಬಿಟ್ಟೆ.

ಇಡೀ ಶಾಲೆ ಖಾಲಿಯಾಯಿತು. ಚಿಕ್ಕ ಮಕ್ಕಳು ಕೊಡೆ ಬಿಡಿಸಿಕೊಂಡು ಗೇಟು ದಾಟಿ ಓಡಿದರು. ಟೀಚರುಗಳು ವಾಚು ನೋಡಿಕೊಂಡು ನಿಂತರು. ಹೆಡ್ ಮಾಷ್ಟ್ರು ಬೆತ್ತ ಹಿಡಿದು ಬರುವಾಗ ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. "ಕೃಷ್ಣ ಪಿಳ್ಳೆ ಬಾರಿಸಿದ್ದರಲ್ಲ ಸಾರ್" ಅಂದೆ. ನಾಲ್ಕು ಪೆಟ್ಟು ಬಿತ್ತು. ನಾನು ಅಳಲಿಲ್ಲ. ಗೆಳೆಯರು ಕಿಟಕಿಯಿಂದ ನೋಡುತ್ತಿದ್ದರು, ಆ ದಿನದಿಂದ ನಾನು ಅವರ ಮಟ್ಟಿಗೆ ದೊಡ್ಡ ಮನುಷ್ಯ. ಇಲ್ಲಿಯವರೆಗಿನದ್ದು ಎಲ್ಲರಿಗೂ ಗೊತ್ತು.

ಸಮಾಜ ಮಾಷ್ಟ್ರು ಒಂದು ಮಾತೂ ಆಡಲಿಲ್ಲ. ಕೊಡೆ ತೆಗೆದುಕೊಂಡು, "ಬಾ ನನ್ನ ಜೊತೆ" ಅಂದರು. ಗದ್ದೆಬದಿಯಲ್ಲಿ ಇಬ್ಬರೂ ಜೋರಾಗಿ ನಡೆದೆವು. ಮುಕ್ಕಾಲು ಮೈಲಿ ಹೋದ ಮೇಲೆ ಒಂದು ಮೋರಿ. ಅದರ ಪಕ್ಕದಲ್ಲಿ ಒಂದು ಮರದ ಕೆಳಗೆ ಆರನೇ ತರಗತಿಯ ಒಬ್ಬಳು ಹುಡುಗಿ, ಅವಳ ತಮ್ಮ. ಇಬ್ಬರೂ ಪೂರ್ತಿ ಒದ್ದೆ. ಪುಸ್ತಕವನ್ನು ಅಂಗಿಯ ಒಳಗೆ ಇಟ್ಟುಕೊಂಡು ಹುಡುಗಿ ನಡುಗುತ್ತಿದ್ದಳು. ಮೋರಿಯ ಮೇಲೆ ನೀರು ಹರಿಯುತ್ತಿತ್ತು. ಗುಡ್ಡದಾಚೆಯ ಕೊರಗರ ಕಾಲನಿಯ ಮಕ್ಕಳು ಅವರು. ಊರಿನವರು ಮುಟ್ಟಿಸಿಕೊಳ್ಳದ ಬುಡಕಟ್ಟು. ಅಲ್ಲಿಂದ ನಮ್ಮ ಶಾಲೆಗೆ ಬರುತ್ತಿದ್ದದ್ದು ಅವರಿಬ್ಬರೇ. ದಿನಾ ಸಂಜೆ ಮಾಷ್ಟ್ರೇ ಅವರನ್ನು ಮೋರಿ ದಾಟಿಸಿ ಬರುತ್ತಿದ್ದರು. ಇಲ್ಲದಿದ್ದರೆ ಮಳೆಗಾಲ ಮುಗಿಯುವವರೆಗೆ ಮಕ್ಕಳನ್ನು ಮನೆಯವರು ಕಳಿಸುವುದಿಲ್ಲ. ಒಮ್ಮೆ ಬಿಟ್ಟ ಶಾಲೆಗೆ ಮತ್ತೆ ಬರುವುದೂ ಇಲ್ಲ. ಶಾಲೆಯಲ್ಲಿ ನನಗೆ ಅದು ಗೊತ್ತೇ ಇರಲಿಲ್ಲ. ಬೇರೆ ಯಾರಿಗೆ ಗೊತ್ತಿತ್ತೋ. ಅವರಾಗಿ ಯಾವತ್ತೂ ಹೇಳಿದವರಲ್ಲ.

"ಹಿಡಿ ಆ ಹುಡುಗನ ಕೈ" ಅಂದರು ಮಾಷ್ಟ್ರು. ಹಿಡಿದೆ. ಮೊಣಕಾಲುದ್ದದ ನೀರಿನಲ್ಲಿ ನಾಲ್ವರೂ ದಾಟಿದೆವು. ಕಾಲನಿಯವರೆಗೂ ಹೋದೆವು. ಅವರ ಅಮ್ಮ ಒಲೆಯ ಹತ್ತಿರ ಮಕ್ಕಳನ್ನು ಕೂರಿಸಿದರು. ನನ್ನ ತಲೆಗೂ ಒಂದು ಬಟ್ಟೆ ಕೊಟ್ಟರು. ಕೊಟ್ಟದ್ದನ್ನು ತಗೊಳ್ಳಲೋ ಬೇಡವೋ ಅಂತ ಒಂದು ಕ್ಷಣ ಅನುಮಾನಿಸಿದೆ. ನಮ್ಮ ಮನೆಯಲ್ಲಿ ಹಾಗೆ ಕಲಿಸಿದ್ದರು. ಮಾಷ್ಟ್ರು ನನ್ನನ್ನೇ ನೋಡುತ್ತಿದ್ದರು. ತಗೊಂಡೆ.

ವಾಪಸು ಬರುವಾಗ ಅವರು ಇನ್ನೊಂದು ಕತೆ ಹೇಳಿದರು. ಪಯ್ಯನ್ನೂರಿನ ಹತ್ತಿರ ಕಂಡೋತ್ ಅಂತ ಒಂದು ಊರು. ಅಲ್ಲಿ ದೇವಸ್ಥಾನದ ಎದುರಿನ ರಸ್ತೆಯಲ್ಲಿ ಕೆಳಜಾತಿಯವರು ನಡೆಯುವ ಹಾಗಿರಲಿಲ್ಲ. ದೇವಸ್ಥಾನದ ಒಳಗಲ್ಲ, ಬರೀ ರಸ್ತೆ. ಎ.ಕೆ.ಜಿ. ಆ ಜನರನ್ನು ಕರೆದುಕೊಂಡು ಅದೇ ರಸ್ತೆಯಲ್ಲಿ ಮೆರವಣಿಗೆ ಹೋದರು. ದೊಣ್ಣೆಯ ಏಟು ಬಿದ್ದು ಪ್ರಜ್ಞೆ ತಪ್ಪಿತು. "ನನ್ನ ಅಜ್ಜನ ಕಾಲದಲ್ಲಿ ಈ ಗದ್ದೆಬದಿಯೂ ಹಾಗೇ ಇತ್ತು ಮಾರಾಯ" ಅಂದರು. ಆಮೇಲೆ ಶಾಲೆ ಮುಟ್ಟುವವರೆಗೆ ಮಾತಿಲ್ಲ. ಗಂಟೆಯ ವಿಷಯ ಅವರು ಎತ್ತಲೇ ಇಲ್ಲ. ಆ ವರ್ಷ, ಮುಂದಿನ ವರ್ಷ, ಎರಡು ಮಳೆಗಾಲ ನಾನೂ ಅವರ ಜೊತೆ ಮೋರಿಯವರೆಗೆ ಹೋದೆ.

ಎ.ಕೆ.ಜಿ.ಯ ಜೈಲಿನ ಕತೆಗಳನ್ನು ಆಮೇಲೆ ಆ ದಾರಿಯಲ್ಲೇ ಕೇಳಿದ್ದು. 1941ರಲ್ಲಿ ವೆಲ್ಲೂರು ಜೈಲಿನ ಗೋಡೆ ಕೊರೆದು ತಪ್ಪಿಸಿಕೊಂಡದ್ದು ನನಗೆ ತುಂಬಾ ಇಷ್ಟ. ಮಾಷ್ಟ್ರಿಗೆ ಇಷ್ಟವಾದದ್ದು ಬೇರೆ. 1947ರ ಆಗಸ್ಟ್ 15ರಂದು, ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ದಿನ, ಎ.ಕೆ.ಜಿ. ಇನ್ನೂ ಕಣ್ಣೂರು ಜೈಲಿನಲ್ಲಿದ್ದರು. ತಮ್ಮ ಹತ್ತಿರ ಇಟ್ಟುಕೊಂಡಿದ್ದ ರಾಷ್ಟ್ರಧ್ವಜ ಹಿಡಿದು ಜೈಲಿನ ಅಂಗಳದ ಉದ್ದಕ್ಕೂ ನಡೆದರು. ಕೈದಿಗಳನ್ನು ಸೇರಿಸಿ ಸ್ವಾತಂತ್ರ್ಯ ಅಂದರೆ ಏನು ಅಂತ ಮಾತಾಡಿದರು. ಇದನ್ನು ಹೇಳುವಾಗ ಪ್ರತಿ ಸಲವೂ ಮಾಷ್ಟ್ರ ಗಂಟಲು ಕಟ್ಟುತ್ತಿತ್ತು.

ನಾನು ವಕೀಲನಾದದ್ದು ಆ ದಾರಿಯಿಂದಲೇ ಅಂತ ನನ್ನ ನಂಬಿಕೆ. ಕಾನೂನು ಕಾಲೇಜಿನಲ್ಲಿ ಸಂವಿಧಾನದ ಪಾಠ ಶುರುವಾದಾಗ ಲೆಕ್ಚರರು ಬೋರ್ಡಿನ ಮೇಲೆ ಬರೆದ ಮೊದಲ ಕೇಸು, ಎ.ಕೆ. ಗೋಪಾಲನ್ ವರ್ಸಸ್ ಸ್ಟೇಟ್ ಆಫ್ ಮದ್ರಾಸ್. 1950ರ ಮೇ 19ರ ತೀರ್ಪು. ಸಂವಿಧಾನ ಜಾರಿಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ವಿಚಾರಣೆಯಿಲ್ಲದೆ ಜೈಲಿನಲ್ಲಿಟ್ಟದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಸೋತರು. ನ್ಯಾಯಮೂರ್ತಿ ಫಜಲ್ ಅಲಿ ಮಾತ್ರ ಮೂಲಭೂತ ಹಕ್ಕುಗಳನ್ನು ಒಂದರಿಂದ ಒಂದು ಬಿಡಿಸಿ ನೋಡಬಾರದು ಅಂತ ಭಿನ್ನ ತೀರ್ಪು ಬರೆದರು. 1978ರಲ್ಲಿ ಮೇನಕಾ ಗಾಂಧಿ ಕೇಸಿನಲ್ಲಿ ಕೋರ್ಟು ಅದೇ ದಾರಿಗೆ ಬಂತು. ಅದನ್ನು ನೋಡಲು ಎ.ಕೆ.ಜಿ. ಇರಲಿಲ್ಲ. ತುರ್ತುಪರಿಸ್ಥಿತಿ ತೆಗೆದ ಮರುದಿನ, 1977ರ ಮಾರ್ಚ್ 22ಕ್ಕೆ ತೀರಿಕೊಂಡಿದ್ದರು. ಅವತ್ತು ಕ್ಲಾಸಿನಲ್ಲಿ ಗೋಪಾಲನ್ ಯಾರು ಅಂತ ಗೊತ್ತಿದ್ದದ್ದು ನನಗೊಬ್ಬನಿಗೇ. ಎದ್ದು ನಿಂತು ಅರ್ಧ ಗಂಟೆ ಮಾತಾಡಿದೆ. ಲೆಕ್ಚರರು ಕೂತು ಕೇಳಿದರು. ಕಾರ್ಮಿಕರ ಪರ ಎಷ್ಟೋ ಕೇಸು ಗೆದ್ದಿದ್ದೇನೆ, ಸನ್ಮಾನಗಳೂ ಆಗಿವೆ. ಆ ಅರ್ಧ ಗಂಟೆಯ ಖುಷಿ ಬೇರೆಯೇ.

ಬೆಂಗಳೂರಿಗೆ ಹೋದಾಗಲೆಲ್ಲ ಇಂಡಿಯಾ ಕಾಫಿ ಹೌಸಿಗೆ ಹೋಗುತ್ತೇನೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸದವರನ್ನು ಮನೆಗೆ ಕಳಿಸಿದಾಗ, ನೀವೇ ಸಂಘ ಕಟ್ಟಿ ನಡೆಸಿ ಅಂತ ಅವರಿಗೆ ಧೈರ್ಯ ತುಂಬಿದ್ದು ಎ.ಕೆ.ಜಿ. ಮೊದಲ ಸಹಕಾರ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಆದದ್ದು. ಒಮ್ಮೆ ಮಾಷ್ಟ್ರನ್ನೂ ಕರೆದುಕೊಂಡು ಹೋಗಿದ್ದೆ. ಪೇಟ ಕಟ್ಟಿದ ಸಪ್ಲೈಯರ್ ಕಾಫಿ ತಂದಿಟ್ಟಾಗ ಮಾಷ್ಟ್ರು ಎದ್ದು ನಿಂತು ಕೈಮುಗಿದರು. ಆತ ಗಾಬರಿಯಾಗಿ ತಾನೂ ಮುಗಿದ.

ಈಗಿನ ಶಾಲೆಯ ಬಗ್ಗೆ ನನಗೆ ಸ್ವಲ್ಪ ಬೇಜಾರಿದೆ, ಹೇಳಿಬಿಡುತ್ತೇನೆ. ಇವತ್ತು ಯಾವ ಮೇಷ್ಟ್ರಿಗೂ ಒಂದು ಕತೆಯನ್ನು ಮೂರು ದಿನ ಹೇಳಲು ಬಿಡುವುದಿಲ್ಲ. ಪೋರ್ಶನ್, ಆನ್‌ಲೈನ್ ಎಂಟ್ರಿ, ತರಬೇತಿ. ನನ್ನ ಅಣ್ಣನ ಮೊಮ್ಮಗಳ ಗೈಡಿನಲ್ಲಿ ಎ.ಕೆ.ಜಿ. ಅಂದರೆ ಒಂದು ಅಂಕದ ಪ್ರಶ್ನೆ. ಅದಕ್ಕಿಂತ ಜಾಸ್ತಿ ನೋವು ಅಂದರೆ, ನಮ್ಮ ಗಡಿನಾಡಿನ ಕನ್ನಡ ಮಾಧ್ಯಮದ ತರಗತಿಗೆ ಕನ್ನಡವೇ ಬಾರದವರನ್ನು ಪಾಠಕ್ಕೆ ಹಾಕುವುದು. ಮಲಯಾಳಂ ಮೇಲೆ ನನಗೆ ಸಿಟ್ಟಿಲ್ಲ. ಎ.ಕೆ.ಜಿ.ಯ ಕತೆ ಮಲಯಾಳದ್ದು. ಆದರೆ ಅದು ನನ್ನೊಳಗೆ ಇಳಿದದ್ದು ಕನ್ನಡದಲ್ಲಿ, ಅಲ್ವಾ?

ಮಾಷ್ಟ್ರ ಮನೆ ಮುಟ್ಟುವಾಗ ಅಂಗಳದ ತುಂಬಾ ಜನ. ಕೆಂಪು ಬಾವುಟ ಹೊದಿಸಿದ್ದರು. ಅದರ ಮೇಲೆ ಒಂದು ಮಡಚಿದ ಕನ್ನಡ ಶಾಲು. ಯಾರು ಇಟ್ಟರೋ ಗೊತ್ತಿಲ್ಲ. ನಾನು ಕಾಲು ಮುಟ್ಟಿ ಎದ್ದಾಗ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಅರ್ಧ ನೆರೆತ ಕೂದಲು, ಅಂಗನವಾಡಿ ಟೀಚರ ಸೀರೆ. ತುಂಬಾ ಹೊತ್ತು ನನ್ನ ಮುಖ ನೋಡಿದರು.

"ಗಂಟೆ ಹೊಡೆದ ಅಣ್ಣ ನೀವೇ ಅಲ್ವಾ?" ಅಂದರು.

ತಮ್ಮ ಏನು ಮಾಡುತ್ತಾನೆ ಅಂತ ಕೇಳಿದೆ. ರೈಲ್ವೆಯಲ್ಲಿ ಕೆಲಸ, ಪಾಲಕ್ಕಾಡಿನಲ್ಲಿ, ರಾತ್ರಿಯ ಗಾಡಿಗೆ ಬರುತ್ತಾನೆ ಅಂದರು. ಮಳೆ ಇನ್ನೂ ಬಿಟ್ಟಿರಲಿಲ್ಲ. ಅವರ ಹತ್ತಿರ ಕೊಡೆ ಇತ್ತು, ನನ್ನ ಹತ್ತಿರ ಇರಲಿಲ್ಲ. ಮಾಷ್ಟ್ರನ್ನು ಎತ್ತಿಕೊಂಡು ಗದ್ದೆಬದಿಗೆ ಇಳಿದಾಗ ಅವರು ಕೊಡೆಯನ್ನು ನನ್ನ ಕಡೆ ಸರಿಸಿದರು. ಇಬ್ಬರೂ ಅದರ ಕೆಳಗೇ ನಡೆದೆವು.